ಯಾವ ಖಾನೆಗೆ ಸೇರಿಸುವುದು?

2018ರ ಮಾರ್ಚ್ 18, ಭಾನುವಾರ. ರಾತ್ರಿ ಹತ್ತು ಗಂಟೆಗೆ ಇನ್ನೆರಡು ನಿಮಿಷ ಇದ್ದಾಗ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಪಟ್ಟಣದಲ್ಲಿ 49 ವರ್ಷದ ಮಹಿಳೆಯೊಬ್ಬರು ಮಿಲ್ ಅವೆನ್ಯೂ ರಸ್ತೆಯನ್ನು ದಾಟುತ್ತಿದ್ದರು. ಜೊತೆಗೊಂದು ಸೈಕಲ್ ಇತ್ತು. ಅದನ್ನು ಹತ್ತಿರಲಿಲ್ಲ, ಚೀಲಗಳನ್ನು ನೇತುಹಾಕಿ ತಳ್ಳಿಕೊಂಡು ನಡೆದಿದ್ದರು. ಆ ಜಾಗದಲ್ಲಿ ಜೀಬ್ರಾ ಪಟ್ಟೆ ಇರಲಿಲ್ಲ. ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ಕಾರೊಂದು ಅದೇ ಹೊತ್ತಿಗೆ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಬಂತು. ಮೇಲ್ವಿಚಾರಣೆಗೆಂದು ಸ್ಟಿಯರಿಂಗ್ ಮುಂದೆ ಕೂತಿದ್ದವರ ಕಣ್ಣು ಮೊಬೈಲಿನಲ್ಲಿತ್ತು. ಡಿಕ್ಕಿ ಆಯಿತು, ಮಹಿಳೆ ತೀರಿಕೊಂಡರು. ಸ್ವಯಂಚಾಲಿತ ಕಾರಿಗೆ ಪಾದಚಾರಿಯೊಬ್ಬರು ಬಲಿಯಾದ ಮೊದಲ ಪ್ರಕರಣ ಅದು.

ಕತ್ತಲಲ್ಲಿ ಕಾರಿಗೆ ಕಣ್ಣು ಕಾಣಲಿಲ್ಲ ಎಂದೇ ಬಹಳ ಮಂದಿ ಅಂದುಕೊಂಡರು. ಮರುವರ್ಷದ ನವೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಮುಗಿದಾಗ ಬೇರೆಯೇ ಸಂಗತಿ ಹೊರಬಿತ್ತು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ, ನೂರು ಮೀಟರಿಗಿಂತ ದೂರದಲ್ಲೇ, ರೇಡಾರಿಗೆ ಆ ಮಹಿಳೆ ಸಿಕ್ಕಿದ್ದರು. ಅಷ್ಟು ಅಂತರವಿದ್ದರೆ ಸಾಧಾರಣ ಚಾಲಕರೂ ಗಾಡಿಯನ್ನು ಆರಾಮವಾಗಿ ನಿಲ್ಲಿಸಬಹುದು. ಕಾರಿಗೆ ಕಂಡಿತ್ತು. ಕಂಡದ್ದನ್ನು ಏನೆಂದು ಬರೆದುಕೊಳ್ಳುವುದು ಎಂಬಲ್ಲಿ ಅದು ಎಡವಿತು.

ಆ ಐದೂವರೆ ಸೆಕೆಂಡುಗಳ ದಾಖಲೆ ಓದಿದರೆ ಎದೆ ಧಸಕ್ಕೆನ್ನುತ್ತದೆ. ಮೊದಲು ರೇಡಾರ್ ಹೇಳಿದ್ದು ‘ವಾಹನ’. 5.2 ಸೆಕೆಂಡ್ ಉಳಿದಾಗ ಲೇಸರ್ ಕಿರಣಗಳಿಂದ ಸುತ್ತಲನ್ನು ಅಳೆಯುವ ಲೈಡಾರ್ ಅದೇ ವಸ್ತುವನ್ನು ‘ಇತರೆ’ ಎಂದು ಬರೆದುಕೊಂಡಿತು, ನಿಂತ ವಸ್ತು ಎಂದೂ ಸೇರಿಸಿತು. 4.2ಕ್ಕೆ ಮತ್ತೆ ‘ವಾಹನ’. ಅಲ್ಲಿಂದ 2.7ರವರೆಗೆ ಒಮ್ಮೆ ‘ವಾಹನ’, ಒಮ್ಮೆ ‘ಇತರೆ’. 2.6ಕ್ಕೆ ‘ಸೈಕಲ್’. 1.5ಕ್ಕೆ ಪುನಃ ‘ಇತರೆ’. 1.2 ಸೆಕೆಂಡ್ ಇದ್ದಾಗ ‘ಸೈಕಲ್’, ಈ ಸಲ ನೇರ ಕಾರಿನ ದಾರಿಯಲ್ಲೇ. ಆಗಲೂ ಬ್ರೇಕ್ ಬೀಳಲಿಲ್ಲ. ಸುಳ್ಳು ಎಚ್ಚರಿಕೆಗೆಲ್ಲ ಗಕ್ಕನೆ ನಿಲ್ಲಬಾರದೆಂದು ಒಂದು ಸೆಕೆಂಡ್ ತಡೆಯುವ ವ್ಯವಸ್ಥೆಯನ್ನು ತಂತ್ರಜ್ಞರು ಇಟ್ಟಿದ್ದರು, ಉಳಿದಿದ್ದ 1.2ರಲ್ಲಿ ಒಂದು ಸೆಕೆಂಡನ್ನು ಅದು ನುಂಗಿತು. ಕಾರು ತಯಾರಿಸಿದ ವೋಲ್ವೊದ ಸ್ವಂತ ತುರ್ತು ಬ್ರೇಕ್ ವ್ಯವಸ್ಥೆಯನ್ನೂ ಊಬರಿನ ಸಾಫ್ಟ್‌ವೇರ್ ಓಡಿಸುವಾಗ ಬಂದ್ ಮಾಡಲಾಗಿತ್ತು. ‘ಪಾದಚಾರಿ’ ಎಂಬ ಹೆಸರು ಈ ಪಟ್ಟಿಯಲ್ಲಿ ಒಮ್ಮೆಯೂ ಬಂದಿಲ್ಲ.

ಹೆಸರು ತಪ್ಪಿದರೇನು, ಎದುರಿಗೆ ಏನೋ ಒಂದಿದೆ ಎಂದು ಗೊತ್ತಾದರೆ ಸಾಲದೇ ಎಂದು ಕೇಳಬಹುದು. ಇಲ್ಲೇ ಇರುವುದು ಸೂಕ್ಷ್ಮ. ಆ ಸಾಫ್ಟ್‌ವೇರಿನಲ್ಲಿ ಪ್ರತಿ ಹೆಸರಿಗೂ ಒಂದು ನಡವಳಿಕೆ ಅಂಟಿಕೊಂಡಿತ್ತು. ‘ವಾಹನ’ವಾದರೆ ತನ್ನ ಲೇನಿನಲ್ಲೇ ಮುಂದೆ ಹೋಗುತ್ತದೆ. ‘ಸೈಕಲ್’ ಕೂಡ ಹಾಗೆಯೇ. ‘ಇತರೆ’ಗೆ ಗುರಿಯೇ ಇಲ್ಲ, ಇದ್ದಲ್ಲೇ ಇರುತ್ತದೆ. ಪಾದಚಾರಿ ರಸ್ತೆಗೆ ಅಡ್ಡಲಾಗಿ ಬರಬಹುದು, ಆದರೆ ಜೀಬ್ರಾ ಪಟ್ಟೆಯಲ್ಲಿ ಮಾತ್ರ. ಬೇರೆ ಕಡೆ ಅಡ್ಡ ದಾಟುವವರು ಇರಬಹುದೆಂಬ ಕಲ್ಪನೆಯೇ ಆ ವಿನ್ಯಾಸದಲ್ಲಿರಲಿಲ್ಲ. ಸಾಲದ್ದಕ್ಕೆ, ಹೆಸರು ಬದಲಾದಾಗಲೆಲ್ಲ ಅಲ್ಲಿಯವರೆಗಿನ ಚಲನೆಯ ಇತಿಹಾಸವನ್ನು ಬದಿಗೆ ಸರಿಸಿ ಹೊಸದಾಗಿ ಲೆಕ್ಕ ಶುರು ಮಾಡಲಾಗುತ್ತಿತ್ತು. ಎಡದಿಂದ ಬಲಕ್ಕೆ ಒಂದೇ ಸಮನೆ ನಡೆದು ಬರುತ್ತಿದ್ದ ಮನುಷ್ಯರೊಬ್ಬರು ಯಂತ್ರದ ಕಡತದಲ್ಲಿ ಹಲವು ಬಾರಿ ಹೊಸದಾಗಿ ಹುಟ್ಟಿದರು.

ತನಿಖೆ ಮುಗಿಯುವ ಹೊತ್ತಿಗೆ ಕಂಪನಿ ಇವನ್ನು ತಿದ್ದಿತ್ತು. ಹೆಸರು ಬದಲಾದರೂ ಹಳೆಯ ಜಾಡನ್ನು ಉಳಿಸಿಕೊಳ್ಳುವುದು, ಪಟ್ಟೆ ಇಲ್ಲದ ಕಡೆಯೂ ಜನ ದಾಟಬಹುದೆಂದು ಎಣಿಸುವುದು, ಆ ಒಂದು ಸೆಕೆಂಡಿನ ತಡೆಯನ್ನು ತೆಗೆಯುವುದು. ಅದೇ ರಾತ್ರಿಯ ಸೆನ್ಸರ್ ದಾಖಲೆಯನ್ನು ತಿದ್ದಿದ ಸಾಫ್ಟ್‌ವೇರಿಗೆ ಉಣಿಸಿದಾಗ ಅದು ನಾಲ್ಕು ಸೆಕೆಂಡಿಗೂ ಮೊದಲೇ ಬ್ರೇಕ್ ಹಿಡಿಯುತ್ತಿತ್ತು ಎಂದು ಕಂಡಿತು. ಗಮನಿಸಿ: ಹೊಸ ಲೈಡಾರ್ ಬೇಕಾಗಲಿಲ್ಲ. ಬದಲಾದದ್ದು ಜಗತ್ತಿನಲ್ಲಿ ಏನೇನಿದೆ, ಅದು ಹೇಗೆ ನಡೆದುಕೊಳ್ಳುತ್ತದೆ ಎಂಬ ತಿಳಿವಳಿಕೆ. ಮಂಡಳಿ ಮುಖ್ಯ ಕಾರಣವೆಂದು ಬೊಟ್ಟು ಮಾಡಿದ್ದು ಮೊಬೈಲ್ ನೋಡುತ್ತಿದ್ದ ಮೇಲ್ವಿಚಾರಕರನ್ನು, ಕಂಪನಿಯ ಸುರಕ್ಷತಾ ಪದ್ಧತಿಯ ಕೊರತೆಗಳನ್ನು ಅದರ ಜೊತೆಗೆ ಸೇರಿಸಿತು. ಕಾನೂನಿನ ದೃಷ್ಟಿಗೆ ಅದು ಸರಿಯೇ ಇರಬಹುದು. ನಮ್ಮ ಈ ಅಧ್ಯಾಯಕ್ಕೆ ಬೇಕಿರುವುದು ಆ ತಿಳಿವಳಿಕೆಯ ಪಟ್ಟಿ.

ಇಂಥ ಪಟ್ಟಿಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಪರಿಕಲ್ಪನಾ ಮಾದರಿ ಎಂದು ಹೆಸರು. ಸಾಫ್ಟ್‌ವೇರ್ ಕಟ್ಟುವ ಮೊದಲು, ಅದು ವ್ಯವಹರಿಸಬೇಕಾದ ಜಗತ್ತಿನಲ್ಲಿ ಯಾವ ಯಾವ ಬಗೆಯ ವಸ್ತುಗಳಿವೆ, ಅವುಗಳ ಗುಣಗಳೇನು, ಒಂದಕ್ಕೊಂದು ಏನು ಸಂಬಂಧ ಎಂದು ಬರೆದಿಟ್ಟುಕೊಳ್ಳುವುದು. ನಮ್ಮಲ್ಲಿ ರೈತರ ಮನೆಯ ಪೆಟ್ಟಿಗೆಯಲ್ಲಿ ಇಂಥದ್ದೊಂದು ಮಾದರಿ ಇದ್ದೇ ಇರುತ್ತದೆ: ಪಹಣಿ. ಸರ್ವೆ ನಂಬರ್, ವಿಸ್ತೀರ್ಣ, ಖರಾಬು, 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 11ರಲ್ಲಿ ಋಣ, 12ರಲ್ಲಿ ಬೆಳೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಈ ಕಾಲಂಗಳೇ ಡೇಟಾಬೇಸಿನ ಎಲುಬಾದವು. ಜೊತೆಗೆ ಕಾಲಂಗಳ ತೊಡಕೂ ಬಂತು. ನಾಲ್ವರು ಅಣ್ಣತಮ್ಮಂದಿರು ಬದುಗಳನ್ನು ಹಾಕಿಕೊಂಡು ಹತ್ತಾರು ವರ್ಷಗಳಿಂದ ಬೇರೆ ಬೇರೆ ಉಳುತ್ತಿರುತ್ತಾರೆ; ಪೋಡಿ, ಅಂದರೆ ಅಳತೆ ಮಾಡಿ ದಾಖಲೆಯಲ್ಲೂ ಭಾಗ ಮಾಡುವುದು, ಆಗಿಲ್ಲದಿದ್ದರೆ ಪಹಣಿಯಲ್ಲಿ ಅದು ಒಂದೇ ಜಮೀನು, ಒಂದೇ ಕಾಲಂನಲ್ಲಿ ನಾಲ್ಕು ಹೆಸರು. ಹೊಲದಲ್ಲಿ ನಾಲ್ಕು, ಕಾಗದದಲ್ಲಿ ಒಂದು. ‘ಒಂದು ಜಮೀನು’ ಎಂದರೆ ಏನು ಎಂದು ಯಾರೋ ಹಿಂದೆ ತೀರ್ಮಾನಿಸಿದ್ದರು. ಬ್ಯಾಂಕಿನಲ್ಲಿ ಬೆಳೆಸಾಲ ಕೇಳುವ ಕಿರಿಯ ತಮ್ಮ ಇವತ್ತು ಆ ತೀರ್ಮಾನದ ಜೊತೆ ಏಗಬೇಕು.

1976ರಲ್ಲಿ ಪೀಟರ್ ಚೆನ್ ಎಂಬ ತರುಣ ಪ್ರಾಧ್ಯಾಪಕರು ಇಂಥ ತೀರ್ಮಾನಗಳನ್ನು ಚಿತ್ರವಾಗಿ ಬರೆಯುವ ವಿಧಾನವೊಂದನ್ನು ಪ್ರಕಟಿಸಿದರು. ವಸ್ತುಗಳಿಗೆ ಚೌಕ, ಸಂಬಂಧಗಳಿಗೆ ವಜ್ರದಾಕಾರ, ನಡುವೆ ಗೆರೆಗಳು. ‘ವಿದ್ಯಾರ್ಥಿ’ ಒಂದು ಚೌಕ, ‘ವಿಷಯ’ ಇನ್ನೊಂದು, ‘ಕಲಿಯುತ್ತಾನೆ’ ಎಂಬ ವಜ್ರ ಎರಡನ್ನೂ ಜೋಡಿಸುತ್ತದೆ. ಇವತ್ತಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಬಿಡಿಸಿ ಅಂಕ ತೆಗೆದುಕೊಳ್ಳದೆ ಡೇಟಾಬೇಸ್ ವಿಷಯದಲ್ಲಿ ಪಾಸಾಗುವುದು ಕಷ್ಟ. ಎರಡೇ ವರ್ಷದ ನಂತರ ಐಬಿಎಂನ ವಿಲಿಯಂ ಕೆಂಟ್ ‘ಡೇಟಾ ಅಂಡ್ ರಿಯಾಲಿಟಿ’ ಎಂಬ ಪುಸ್ತಕ ಬರೆದು ಎಲ್ಲರ ನೆಮ್ಮದಿ ಕೆಡಿಸಿದರು. ಲೇಖಕರಿಗೆ ತಾವು ಬರೆದದ್ದು ಒಂದು ಪುಸ್ತಕ. ಗ್ರಂಥಾಲಯದ ಕಪಾಟಿನಲ್ಲಿ ಅದರ ಐದು ಪ್ರತಿಗಳಿದ್ದರೆ ಅಲ್ಲಿನವರಿಗೆ ಐದು ಪುಸ್ತಕ. ಇಬ್ಬರೂ ಸರಿ. ಹಾಗಾದರೆ ಚೌಕದೊಳಗೆ ಏನು ಬರೆಯುವುದು? ಇಂಥ ಪ್ರಶ್ನೆಗಳಿಗೆ ಕೊನೆಯ ಉತ್ತರವಿಲ್ಲ, ಯಾವ ಕೆಲಸಕ್ಕೆ ಎಂದು ನೋಡಿ ಒಪ್ಪಂದಕ್ಕೆ ಬರಬೇಕಷ್ಟೇ ಎಂಬುದು ಕೆಂಟ್ ನಿಲುವು. ಈ ಕ್ಷೇತ್ರದಲ್ಲಿ ನಾನು ಮೆಚ್ಚುವ ಮೊದಲ ಪುಸ್ತಕ ಅದು, ಬಹುಶಃ ಅದು ಯಾವ ಸೂತ್ರವನ್ನೂ ಕೊಡುವುದಿಲ್ಲ ಎಂಬ ಕಾರಣಕ್ಕೇ.

ಕಲಿಯುವ ಯಂತ್ರಗಳು ಬಂದ ಮೇಲೆ ಈ ತಲೆಬೇನೆ ತಪ್ಪಿತು ಎಂಬ ಭಾವನೆ ಹರಡಿತು. ಬೆಕ್ಕು ಎಂದರೇನು ಎಂದು ಯಾರೂ ವ್ಯಾಖ್ಯಾನ ಬರೆಯಬೇಕಿಲ್ಲ. ಲಕ್ಷ ಚಿತ್ರಗಳನ್ನು ತೋರಿಸಿದರೆ ಯಂತ್ರವೇ ಕಲಿತುಕೊಳ್ಳುತ್ತದೆ. ಮಾತು ಅರ್ಧ ನಿಜ. ಬೆಕ್ಕಿನ ಲಕ್ಷಣಗಳನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಆದರೆ ಲಕ್ಷ ಚಿತ್ರಗಳ ಕೆಳಗೆ ‘ಬೆಕ್ಕು’ ಎಂದು ಬರೆದವರು ಯಾರೋ ಇದ್ದಾರೆ, ಅವರಿಗೆ ಆರಿಸಿಕೊಳ್ಳಲು ಕೊಟ್ಟ ಹೆಸರುಗಳ ಪಟ್ಟಿಯನ್ನು ಮಾಡಿದವರು ಇನ್ಯಾರೋ ಇದ್ದಾರೆ. ಚೆನ್ ಅವರ ಕಾಲದಲ್ಲಿ ಆ ತೀರ್ಮಾನ ಚಿತ್ರದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತಿತ್ತು. ಈಗ ಅದು ಲೇಬಲ್ ಹಚ್ಚುವವರಿಗೆ ಕೊಟ್ಟ ಸೂಚನಾ ಪುಸ್ತಿಕೆಯಲ್ಲಿ, ಒಂದು ಸೆಕೆಂಡಿನ ತಡೆಯಲ್ಲಿ, ಹೆಸರು ಬದಲಾದರೆ ಇತಿಹಾಸ ಅಳಿಸು ಎಂಬ ಒಂದು ಸಾಲು ಕೋಡಿನಲ್ಲಿ ಚದುರಿ ಹೋಗಿದೆ. ಚದುರಿದ್ದನ್ನು ಒಂದೆಡೆ ತಂದು, ಯಂತ್ರ ಕಲಿತದ್ದರ ಜೊತೆ ಹೊಂದಿಸಿ ನೋಡುವುದು ಹೇಗೆ ಎಂಬುದೇ ಈ ಕ್ಷೇತ್ರದ ಸಂಶೋಧಕರ ಮುಂದಿರುವ ದೊಡ್ಡ ಸವಾಲು.

ಸೂಚನಾ ಪುಸ್ತಿಕೆ ಎಂದೆನಲ್ಲ, ಅಂಥದ್ದೊಂದನ್ನು ಹತ್ತಿರದಿಂದ ನೋಡೋಣ. 2016ರಲ್ಲಿ ಜರ್ಮನಿಯ ಸಂಶೋಧಕರು ‘ಸಿಟಿಸ್ಕೇಪ್ಸ್’ ಎಂಬ ಚಿತ್ರಸಂಗ್ರಹವನ್ನು ಹೊರತಂದರು. ಹೆಚ್ಚಾಗಿ ಜರ್ಮನಿಯದೇ ಆದ 50 ನಗರಗಳ ಬೀದಿಗಳು, 5,000 ಚಿತ್ರಗಳಲ್ಲಿ ಪ್ರತಿ ಚುಕ್ಕೆಯೂ ಯಾವ ವಸ್ತುವಿಗೆ ಸೇರಿದ್ದೆಂದು ಕೈಯಿಂದ ಗುರುತಿಸಿದ್ದು. ಅದರಲ್ಲಿ ಮನುಷ್ಯರಿಗೆ ಎರಡು ಖಾನೆ: ‘ವ್ಯಕ್ತಿ’ ಮತ್ತು ‘ಸವಾರ’. ಎರಡರ ನಡುವಿನ ಗೆರೆ ಎಲ್ಲಿ? ಪುಸ್ತಿಕೆ ಒಂದು ಸೊಗಸಾದ ಪರೀಕ್ಷೆ ಕೊಡುತ್ತದೆ. ಚಿತ್ರದಲ್ಲಿರುವವರು ಒಂದು ಮೀಟರ್ ಮುಂದೆ ಹೋಗಿ ನಿಲ್ಲುತ್ತಾರೆ ಎಂದುಕೊಳ್ಳಿ. ಅಷ್ಟು ದೂರವನ್ನು ನಡೆದು ಹೋಗುತ್ತಾರಾದರೆ ‘ವ್ಯಕ್ತಿ’, ಇಲ್ಲವಾದರೆ ಅಲ್ಲ. ಸೈಕಲ್ ತಳ್ಳಿಕೊಂಡು ಹೋಗುವವರನ್ನು, ಎರಡೂ ಕಾಲು ಸೈಕಲ್ಲಿನ ಒಂದೇ ಬದಿಗಿಟ್ಟು ನಿಂತವರನ್ನು ‘ವ್ಯಕ್ತಿ’ ಎಂದೇ ಗುರುತಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಟೆಂಪಿಯ ಅಪಘಾತಕ್ಕೆ ಎರಡು ವರ್ಷ ಮೊದಲೇ ಯಾರೋ ಕೂತು ಆ ಪ್ರಶ್ನೆಯನ್ನು ಬಿಡಿಸಿದ್ದರು. ಊಬರ್ ಕಾರಿಗೂ ಈ ಸಂಗ್ರಹಕ್ಕೂ ನಂಟು ಕಟ್ಟುವುದು ನನ್ನ ಉದ್ದೇಶವಲ್ಲ. ಒಂದು ಕಡೆ ಬಗೆಹರಿದ ಪರಿಕಲ್ಪನೆ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಸಿಗಲಾರದು.

ಇದೇ ಪಟ್ಟಿ ನಮ್ಮ ರಸ್ತೆಗೆ ಬಂದಾಗ ಏನಾಯಿತು? ಹೈದರಾಬಾದಿನ ಐಐಐಟಿಯ ಸಂಶೋಧಕರು ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದಲ್ಲಿ ಕಾರಿಗೆ ಕ್ಯಾಮೆರಾ ಕಟ್ಟಿ ಓಡಾಡಿ 10,004 ಚಿತ್ರಗಳ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ ಸಿದ್ಧಮಾಡಿ, 2019ರಲ್ಲಿ ಅದರ ಪ್ರಬಂಧ ಮಂಡಿಸಿದರು. ಆಟೋರಿಕ್ಷಾಕ್ಕೆ ಪ್ರತ್ಯೇಕ ಖಾನೆ ಬಂತು. ಪ್ರಾಣಿಗೆ ಬಂತು. ಜಾಹೀರಾತು ಫಲಕಕ್ಕೂ ಬಂತು. ಡಾಂಬರಿನ ಪಕ್ಕದ ಮಣ್ಣಿನಲ್ಲೂ ಗಾಡಿಗಳು ನುಗ್ಗುವ ನಮ್ಮೂರಿನ ರೂಢಿಗೆ ತಕ್ಕಂತೆ, ರಸ್ತೆಯಲ್ಲದಿದ್ದರೂ ಗಾಡಿ ಓಡಿಸಬಹುದಾದ ಜಾಗ ಎಂಬ ಖಾನೆಯೂ ಬಂತು. ಜರ್ಮನಿಯ ಪಟ್ಟಿಯಿಂದ ‘ಕ್ಯಾರವಾನ್’ ಎಂಬ ಮನೆಗಾಡಿ ಕೂಡ ಹಾಗೇ ಉಳಿದುಕೊಂಡಿದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದು ಯಾರಿಗಾದರೂ ಸಿಕ್ಕಿದ್ದರೆ ಸಂತೋಷ.

ಆ ಪಟ್ಟಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದರ ಪ್ರಾಮಾಣಿಕತೆ. ಹೆಸರುಗಳನ್ನು ನಾಲ್ಕು ಮೆಟ್ಟಿಲುಗಳಲ್ಲಿ ಜೋಡಿಸಿ, ಅಲ್ಲಲ್ಲಿ ‘ಇನ್ನಾವುದೋ ವಾಹನ’, ‘ಇನ್ನಾವುದೋ ಅಡೆತಡೆ’ ಎಂಬ ಖಾನೆಗಳನ್ನು ಇಟ್ಟಿದ್ದಾರೆ. ಟೆಂಪಿಯ ಕಾರಿನ ‘ಇತರೆ’ಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಏನೆಂದು ತಿಳಿಯದ್ದು ಗುರಿಯಿಲ್ಲದ್ದೂ ಆಗಿಬಿಟ್ಟಿತು. ಇಲ್ಲಿ, ಏನೆಂದು ಪೂರ್ತಿ ತಿಳಿಯದಿದ್ದರೂ ವಾಹನದ ಜಾತಿಗೆ ಸೇರಿದ್ದು ಎಂಬ ಅರ್ಧ ತಿಳಿವಳಿಕೆ ಉಳಿಯುತ್ತದೆ. ಆದರೂ ಎಲ್ಲ ಬಗೆಹರಿಯಿತು ಎನ್ನುವಂತಿಲ್ಲ. ಎಳನೀರಿನ ತಳ್ಳುಗಾಡಿಯನ್ನೇ ತೆಗೆದುಕೊಳ್ಳಿ. ಮೂಲೆಯಲ್ಲಿ ನಿಂತಾಗ ಅದು ಅಂಗಡಿ, ಸಂಜೆ ಮನೆಗೆ ಹೊರಟಾಗ ವಾಹನ, ಎದುರು ದಿಕ್ಕಿನಿಂದ ಬಂದಾಗ ಅಡೆತಡೆ. ಗೊನೆ ಹೇರಿದ ಗಾಡಿಯ ಹಿಂದೆ ತಲೆ ಮಾತ್ರ ಕಾಣುವ ಮಾಲೀಕರು ಒಂದು ಮೀಟರಿನ ಪರೀಕ್ಷೆಯ ಪ್ರಕಾರ ‘ವ್ಯಕ್ತಿ’. ಗಾಡಿಯೂ ವ್ಯಕ್ತಿಯೂ ಕೂಡಿ ಚಲಿಸುವ ಒಂದೇ ಘಟಕ ಎಂಬ ಸಂಬಂಧವನ್ನು ಬರೆಯಲು ಚುಕ್ಕೆಗಳಿಗೆ ಹೆಸರಿಡುವ ಪಟ್ಟಿಯಲ್ಲಿ ಜಾಗವಿಲ್ಲ. ಚೆನ್ ಅವರ ವಜ್ರ ಇಲ್ಲಿ ಕಾಣೆಯಾಗಿದೆ.

ಖಾನೆಗಳ ಗೊಡವೆಯೇ ಬೇಡ ಎಂದವರೂ ಇದ್ದಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಜೆಫ್ರಿ ಪಾರ್ಸನ್ಸ್, ರೋಮನ್ ಲುಕ್ಯಾನೆಂಕೊ ಮತ್ತು ಸಂಗಡಿಗರು ಸಾಮಾನ್ಯ ಜನರಿಂದ ಗಿಡ, ಹಕ್ಕಿ, ಪ್ರಾಣಿಗಳ ಮಾಹಿತಿ ಸಂಗ್ರಹಿಸುವ ಜಾಲತಾಣವನ್ನು ಪ್ರಯೋಗಶಾಲೆ ಮಾಡಿಕೊಂಡರು. ಒಂದು ಗುಂಪಿಗೆ ಪ್ರಭೇದದ ಹೆಸರನ್ನೇ ಹೇಳಬೇಕೆಂಬ ನಿಯಮ. ಇನ್ನೊಂದು ಗುಂಪು ಕಂಡದ್ದನ್ನು ಕಂಡಂತೆ ಬರೆದರೆ ಸಾಕು: ಕಂದು ಬಣ್ಣ, ಉದ್ದ ಕೊಕ್ಕು, ನೀರಿನ ಬಳಿ. ಎರಡನೆಯ ಗುಂಪಿನಿಂದ ಹೆಚ್ಚು ವರದಿಗಳು ಬಂದವು, ಯೋಜಕರು ನಿರೀಕ್ಷಿಸದೇ ಇದ್ದ ಪ್ರಭೇದಗಳೂ ಹೆಚ್ಚಾಗಿ ಅಲ್ಲೇ ಸಿಕ್ಕವು. ಖಾನೆ ಮೊದಲೇ ನಿಗದಿಯಾಗಿದ್ದರೆ ಹೊರಗಿನದು ಒಳಗೆ ಬರುವುದಿಲ್ಲ. ಹಕ್ಕಿಗೆ ಇದು ಸರಿಹೋಗುತ್ತದೆ, ಮುಂದಿನ ವಾರವೂ ಹೆಸರಿಡಬಹುದು. ಬ್ರೇಕ್ ಹಾಕಲು ಒಂದೂವರೆ ಸೆಕೆಂಡ್ ಇರುವ ಕಾರಿಗೆ ‘ಕಂದು ಬಣ್ಣ, ಉದ್ದಕ್ಕಿದೆ’ ಎಂದು ಬರೆದುಕೊಂಡು ಕೂರಲು ಪುರುಸೊತ್ತಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ವಸ್ತುಗಳ ಮಾತು. ಕಾಣದ ಸಂಗತಿಗಳಿಗೆ ಬಂದರೆ ಗೋಜಲು ಹೆಚ್ಚುತ್ತದೆ. ‘ಕಾಯಿಲೆಯ ತೀವ್ರತೆ’ಯನ್ನು ಚುಕ್ಕೆ ಹಾಕಿ ತೋರಿಸಲಾಗುವುದಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ, ಯಾವ ರೋಗಿಗಳಿಗೆ ಹೆಚ್ಚುವರಿ ಆರೈಕೆ ಬೇಕು ಎಂದು ಆರಿಸುವ ಯಂತ್ರವೊಂದು ವ್ಯಾಪಕ ಬಳಕೆಯಲ್ಲಿತ್ತು. ತೀವ್ರತೆಗೆ ನೇರ ಅಳತೆಗೋಲು ಇಲ್ಲದ್ದರಿಂದ, ಮುಂದೆ ಎಷ್ಟು ಖರ್ಚಾಗಬಹುದು ಎಂದು ಊಹಿಸಲು ಅದಕ್ಕೆ ಕಲಿಸಿದ್ದರು. ಹೆಚ್ಚು ಕಾಯಿಲೆ ಇದ್ದವರಿಗೆ ಹೆಚ್ಚು ಖರ್ಚು, ತಪ್ಪೇನು? 2019ರಲ್ಲಿ ಜಿಯಾಡ್ ಒಬರ್‌ಮೇಯರ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ತಪ್ಪನ್ನು ತೋರಿಸಿತು. ಬಿಳಿಯರಷ್ಟೇ ಕಾಯಿಲೆ ಇರುವ ಕಪ್ಪು ಜನಾಂಗದ ರೋಗಿಗಳಿಗಾಗಿ ಆ ದೇಶದಲ್ಲಿ ಕಡಿಮೆ ಖರ್ಚಾಗುತ್ತದೆ, ಏಕೆಂದರೆ ಚಿಕಿತ್ಸೆ ಅವರಿಗೆ ಎಟುಕುವುದೇ ಕಡಿಮೆ. ಯಂತ್ರ ಇದನ್ನು ‘ಇವರಿಗೆ ಕಾಯಿಲೆ ಕಡಿಮೆ’ ಎಂದು ಓದಿತು. ಆ ಓರೆಯನ್ನು ತಿದ್ದಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ಜನರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು. ಖರ್ಚನ್ನು ಯಂತ್ರ ಚೆನ್ನಾಗಿಯೇ ಊಹಿಸುತ್ತಿತ್ತು ಎಂಬುದನ್ನು ಮರೆಯಬೇಡಿ. ಹೇಳಿಕೊಟ್ಟ ಪಾಠವನ್ನು ಅದು ಒಪ್ಪವಾಗಿ ಕಲಿತಿತ್ತು.

ಇನ್ನೊಂದು ಬಗೆಯ ಎಡವಟ್ಟು ಇದಕ್ಕಿಂತ ಹಳೆಯದು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು 14,199 ನ್ಯುಮೋನಿಯಾ ರೋಗಿಗಳ ದಾಖಲೆ ಇಟ್ಟುಕೊಂಡು, ಯಾರನ್ನು ಆಸ್ಪತ್ರೆಗೆ ಸೇರಿಸಬೇಕು, ಯಾರನ್ನು ಮನೆಗೆ ಕಳಿಸಬಹುದು ಎಂದು ಹೇಳುವ ಯಂತ್ರ ಕಟ್ಟಲು ಹೊರಟರು. ತಂಡದಲ್ಲಿದ್ದ ರಿಚ್ ಕರುವಾನ ತಯಾರಿಸಿದ ನರಜಾಲ (ನ್ಯೂರಲ್ ನೆಟ್‌ವರ್ಕ್) ಎಂಬ ಬಗೆಯ ಕಲಿಯುವ ಯಂತ್ರ ಉಳಿದ ವಿಧಾನಗಳನ್ನೆಲ್ಲ ಹಿಂದೆ ಹಾಕಿತು. ಅಷ್ಟರಲ್ಲಿ ಇನ್ನೊಂದು ಸರಳ ವಿಧಾನ, ಓದಿ ಅರ್ಥ ಮಾಡಿಕೊಳ್ಳಬಹುದಾದ ನಿಯಮಗಳನ್ನು ಹೊರಹಾಕುವಂಥದ್ದು, ವೈದ್ಯರು ಹುಬ್ಬೇರಿಸುವ ಮಾತೊಂದನ್ನು ಹೇಳಿತು: ಆಸ್ತಮಾ ಇದ್ದವರಿಗೆ ನ್ಯುಮೋನಿಯಾದಿಂದ ಸಾಯುವ ಅಪಾಯ ಕಡಿಮೆ. ದಾಖಲೆಯಲ್ಲಿ ಅದು ಸುಳ್ಳಾಗಿರಲಿಲ್ಲ. ಆಸ್ತಮಾ ರೋಗಿಗೆ ನ್ಯುಮೋನಿಯಾ ಬಂದರೆ ವೈದ್ಯರು ಗಾಬರಿಯಾಗಿ ನೇರ ಐಸಿಯುಗೆ ಸೇರಿಸುತ್ತಿದ್ದರು. ಅಲ್ಲಿನ ಆರೈಕೆಯಿಂದ ಅವರು ಬದುಕುತ್ತಿದ್ದರು. ದಾಖಲೆಯ ಒಂದು ತುದಿಯಲ್ಲಿ ರೋಗಿ, ಇನ್ನೊಂದು ತುದಿಯಲ್ಲಿ ಸಾವು ಅಥವಾ ಉಳಿವು. ನಡುವೆ ಇದ್ದ ಚಿಕಿತ್ಸೆ ಎಂಬ ಕೊಂಡಿಗೆ ಕಾಲಂ ಇರಲಿಲ್ಲ. ಯಂತ್ರದ ಮಾತು ಕೇಳಿ ಆಸ್ತಮಾದವರನ್ನು ಮನೆಗೆ ಕಳಿಸಿದ್ದರೆ ಗತಿ ಏನಾಗುತ್ತಿತ್ತೋ. ನರಜಾಲವೂ ಅದೇ ತಪ್ಪನ್ನು ಒಳಗೊಳಗೇ ಕಲಿತಿರಬೇಕು, ಹಾಗೆಯೇ ಇನ್ನೇನೇನನ್ನು ಕಲಿತಿದೆಯೋ ತಿಳಿಯುವ ದಾರಿಯಿಲ್ಲ ಎಂದು ಕರುವಾನ ಅದನ್ನು ರೋಗಿಗಳ ಮೇಲೆ ಬಳಸಲು ಒಪ್ಪಲಿಲ್ಲ. ಇಪ್ಪತ್ತು ವರ್ಷ ಬಿಟ್ಟು, 2015ರಲ್ಲಿ, ಹೆಚ್ಚುಕಡಿಮೆ ಅಷ್ಟೇ ಚುರುಕಾದ ಆದರೆ ಪ್ರತಿ ಅಂಶವನ್ನೂ ಗೆರೆಯಾಗಿ ಬಿಡಿಸಿ ತೋರಿಸಬಲ್ಲ, ವೈದ್ಯರು ತಿದ್ದಬಲ್ಲ ಮಾದರಿಯೊಂದಿಗೆ ಅವರು ಅದೇ ದಾಖಲೆಗೆ ಮರಳಿದರು.

ಪರಿಕಲ್ಪನೆಗಳು ಒಂದೆಡೆ ನಿಲ್ಲುವುದೂ ಇಲ್ಲ. ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳಿಗೇ ಕುತ್ತು ತಂದುಕೊಳ್ಳುವ ಸೆಪ್ಸಿಸ್ ಎಂಬ ಸ್ಥಿತಿಗೆ 1991ರಲ್ಲಿ ತಜ್ಞರು ಒಂದು ವ್ಯಾಖ್ಯಾನ ಕೊಟ್ಟರು: ಸೋಂಕಿನ ಜೊತೆಗೆ ಜ್ವರ, ನಾಡಿ, ಉಸಿರು, ಬಿಳಿ ರಕ್ತಕಣ ಈ ನಾಲ್ಕರಲ್ಲಿ ಎರಡು ಏರುಪೇರಾಗಿರಬೇಕು. 2016ರಲ್ಲಿ ಅದನ್ನು ಕೈಬಿಟ್ಟು ಅಂಗಾಂಗಗಳು ಎಷ್ಟು ಸೋತಿವೆ ಎಂಬ ಅಂಕದ ಲೆಕ್ಕಕ್ಕೆ ಬಂದರು. ಅಮೆರಿಕದ ಸರ್ಕಾರಿ ವಿಮಾ ವ್ಯವಸ್ಥೆ ಮಾತ್ರ ಹಳೆಯ ಜಾಡನ್ನು ಬಿಡಲಿಲ್ಲ. ಹೀಗಾಗಿ ಒಂದೇ ಹಾಸಿಗೆಯ ಒಬ್ಬನೇ ರೋಗಿಗೆ ಒಂದು ವ್ಯಾಖ್ಯಾನದಲ್ಲಿ ಸೆಪ್ಸಿಸ್ ಇದೆ, ಇನ್ನೊಂದರಲ್ಲಿ ಇಲ್ಲ. ಹಳೆಯ ದಾಖಲೆಗಳಿಂದ ಕಲಿತ ಯಂತ್ರಕ್ಕೆ ಈ ಸುದ್ದಿ ಮುಟ್ಟಿಸುವವರು ಯಾರು? ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಸೆಪ್ಸಿಸ್ ಮುನ್ನೆಚ್ಚರಿಕೆ ವ್ಯವಸ್ಥೆಯೊಂದನ್ನು ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಒರೆಗೆ ಹಚ್ಚಿ 2021ರಲ್ಲಿ ವರದಿ ಮಾಡಿದರು: ಸೆಪ್ಸಿಸ್ ಆದವರಲ್ಲಿ ಶೇ 67ರಷ್ಟು ಮಂದಿಯನ್ನು ಅದು ಗುರುತಿಸಿರಲಿಲ್ಲ. ಎಣಿಸುವಾಗ ಬಳಸುವ ವ್ಯಾಖ್ಯಾನ ಬದಲಾದರೆ ಇಂಥ ಅಂಕಿಗಳೂ ಬದಲಾಗುತ್ತವೆ ಎಂಬುದು ಆ ಚರ್ಚೆಯಲ್ಲಿ ಸಿಕ್ಕಿಕೊಂಡ ಮುಳ್ಳು. ಸಾಮಾನ್ಯ ಸಾಫ್ಟ್‌ವೇರಿನಲ್ಲಾದರೆ ಚಿತ್ರದ ಚೌಕವೊಂದನ್ನು ತಿದ್ದಿ, ಅದಕ್ಕೆ ಜೋಡಿಸಿದ ಕೋಡನ್ನು ಹುಡುಕಿ ಬದಲಿಸಬಹುದು. ನರಜಾಲದಲ್ಲಿ ‘ಸೆಪ್ಸಿಸ್’ ಎಂಬುದು ಕೋಟಿಗಟ್ಟಲೆ ಸಂಖ್ಯೆಗಳ ನಡುವೆ ಎಲ್ಲೆಲ್ಲೋ ಹರಡಿಕೊಂಡಿರುತ್ತದೆ.

ಹಾಗಾದರೆ ನರಜಾಲದ ನಡುವೆಯೇ ಚೌಕಗಳನ್ನು ಕೂಡಿಸಿದರೆ? 2020ರಲ್ಲಿ ಪ್ಯಾಂಗ್ ವೇಯ್ ಕೋ, ಎಮ್ಮಾ ಪಿಯರ್ಸನ್ ಮತ್ತಿತರರು ಮಾಡಿದ್ದು ಅದನ್ನೇ. ಮಂಡಿ ಸವೆತದ ಎಕ್ಸ್‌ರೇ ನೋಡಿ ನೇರವಾಗಿ ದರ್ಜೆ ಹೇಳುವ ಬದಲು, ಯಂತ್ರ ಮೊದಲು ವೈದ್ಯರಿಗೆ ಗೊತ್ತಿರುವ ಲಕ್ಷಣಗಳನ್ನು ಹೇಳಬೇಕು: ಮೂಳೆಯಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಎಷ್ಟು, ಕೀಲಿನ ಸಂದು ಎಷ್ಟು ಕಿರಿದಾಗಿದೆ, ಹೀಗೆ. ಆ ಲಕ್ಷಣಗಳಿಂದಷ್ಟೇ ದರ್ಜೆಯ ಲೆಕ್ಕ. ವೈದ್ಯರು ನಡುವೆ ತಲೆಹಾಕಿ ‘ಇಲ್ಲಿ ಮುಳ್ಳಿಲ್ಲ, ಅದು ನೆರಳು’ ಎಂದು ತಿದ್ದಿದರೆ ದರ್ಜೆಯೂ ತಾನಾಗಿ ಬದಲಾಗುತ್ತದೆ. ಚೆನ್ ಅವರ ಚೌಕಗಳೂ ಕಲಿಯುವ ಯಂತ್ರವೂ ಕೊನೆಗೂ ಒಂದೇ ಮನೆಯಲ್ಲಿ ಸಂಸಾರ ಹೂಡಿದಂತೆ ಕಂಡಿತು. ಹೆಚ್ಚು ದಿನ ಅಲ್ಲ. ಬೇರೆ ಸಂಶೋಧಕರು ಕೆದಕಿದಾಗ ಸೋರಿಕೆ ಪತ್ತೆಯಾಯಿತು. ಯಂತ್ರ ‘ಮುಳ್ಳು ಇದೆ’ ಅಥವಾ ‘ಇಲ್ಲ’ ಎನ್ನುವುದಿಲ್ಲ, 0.73 ಎಂದೋ 0.68 ಎಂದೋ ಹೇಳುತ್ತದೆ. ಆ ದಶಮಾಂಶಗಳ ಬಾಲದಲ್ಲಿ ಮುಳ್ಳಿಗೆ ಸಂಬಂಧವೇ ಇಲ್ಲದ, ಉತ್ತರ ಸರಿಮಾಡಿಕೊಳ್ಳಲು ಅನುಕೂಲವಾದ ಮಾಹಿತಿಯನ್ನು ಅದು ಸಾಗಿಸಿಕೊಂಡು ಬರಬಲ್ಲದು. ಚೌಕದ ಮೇಲೆ ಬರೆದ ಹೆಸರು ಒಂದು, ಒಳಗೆ ತುಂಬಿದ್ದು ಇನ್ನೊಂದು. ಅವೆರಡೂ ಒಂದೇ ಎಂದು ಹೇಗೆ ಖಾತ್ರಿ ಮಾಡಿಕೊಳ್ಳುವುದು ಎಂಬ ಬಗ್ಗೆ ಈಗ ಪ್ರಬಂಧಗಳ ಮೇಲೆ ಪ್ರಬಂಧಗಳು ಬರುತ್ತಿವೆ.

ಸೋರಿಕೆಯನ್ನು ಪೂರ್ತಿ ಬಂದ್ ಮಾಡುವುದೂ ಜಾಣತನವೇ ಎಂಬ ಅನುಮಾನವನ್ನು ಅದೇ ಮಂಡಿ ಹುಟ್ಟಿಸಿದೆ. ಮಂಡಿ ಸವೆತಕ್ಕೆ ಇವತ್ತಿಗೂ ಬಳಸುವ ದರ್ಜೆಗಳನ್ನು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಬ್ರಿಟನ್ನಿನ ಬಿಳಿಯ ಜನರನ್ನು ನೋಡಿ ರೂಪಿಸಿದರು. ಅಮೆರಿಕದಲ್ಲಿ ಒಂದೇ ದರ್ಜೆಯ ಸವೆತವಿರುವ ರೋಗಿಗಳಲ್ಲಿ ಕಪ್ಪು ಜನಾಂಗದವರು ಹೆಚ್ಚು ನೋವು ಹೇಳಿಕೊಳ್ಳುತ್ತಾರೆ. ಮಂಡಿಯಲ್ಲಿ ವ್ಯತ್ಯಾಸವಿಲ್ಲ, ಕಾರಣ ಬೇರೆಲ್ಲೋ ಇರಬೇಕು, ಬದುಕಿನ ಒತ್ತಡ ಇರಬೇಕು ಎಂದು ವಿವರಣೆ ಕೊಡುವುದು ರೂಢಿಯಾಗಿತ್ತು. 2021ರಲ್ಲಿ ಪಿಯರ್ಸನ್, ಒಬರ್‌ಮೇಯರ್ ಮತ್ತು ಸಂಗಡಿಗರು ಯಂತ್ರಕ್ಕೆ ವೈದ್ಯರ ದರ್ಜೆಯನ್ನು ತೋರಿಸದೆ, ರೋಗಿ ಹೇಳಿದ ನೋವನ್ನೇ ಪಾಠವಾಗಿ ಕೊಟ್ಟರು. ನೋವಿನ ಆ ಅಂತರದಲ್ಲಿ ವೈದ್ಯರ ದರ್ಜೆ ವಿವರಿಸಬಲ್ಲದ್ದು ಶೇ 9. ಯಂತ್ರ ಬರೀ ಎಕ್ಸ್‌ರೇ ನೋಡಿ ವಿವರಿಸಿದ್ದು ಶೇ 43. ನೋವಿನ ಗುರುತು ಮಂಡಿಯಲ್ಲೇ ಇತ್ತು. ಚಿತ್ರದ ಯಾವ ಲಕ್ಷಣದಲ್ಲಿ ಯಂತ್ರಕ್ಕೆ ಅದು ಕಂಡಿತು ಎಂಬುದನ್ನು ಅಧ್ಯಯನ ಹೆಸರಿಟ್ಟು ತೋರಿಸಲಿಲ್ಲ. ಮುಳ್ಳು, ಸಂದು ಎಂಬ ಹಳೆಯ ಖಾನೆಗಳಲ್ಲಿ ಅದು ಹಿಡಿಸಿರಲಿಲ್ಲ. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ವೈದ್ಯರು ಯೋಚಿಸುವಾಗ ಮೇಜಿನ ಮೇಲಿರುವ ಅಂಕಿಗಳಲ್ಲಿ 1957ರ ಆ ದರ್ಜೆಯೂ ಒಂದು.